ಗುರುಪಾದ ಮಾಸ್ತರರ ಒಂದು ಚಿಟಿಕೆ ವಿಭೂತಿ

ನಿಡಸೋಸಿಯಲ್ಲಿ ಹುಟ್ಟಿ, ಕಲ್ಲೋಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡ ಗುರುಪಾದ ಮಾಸ್ತರರಿಗೆ ಒಂದು ಹುಚ್ಚಿತ್ತು. ಎಲ್ಲಾದರೂ ಪವಾಡ ನಡೆಯಿತು ಅಂತ ಕಿವಿಗೆ ಬಿದ್ದರೆ ಸಾಕು, ಚೀಲ ಹೆಗಲಿಗೇರಿಸಿ ಹೊರಟೇಬಿಡುವರು. ಹುಕ್ಕೇರಿಯ ಓಣಿ ಇರಲಿ, ಮೂಡಲಗಿಯ ಸಂತೆಯ ಬಯಲಿರಲಿ, ಉರಿಯುವ ಕರ್ಪೂರವನ್ನು ನಾಲಿಗೆಯ ಮೇಲಿಟ್ಟುಕೊಳ್ಳುವರು, ನಿಂಬೆಹಣ್ಣು ಕೊಯ್ದು ರಕ್ತ ಬರಿಸುವರು, ಆಮೇಲೆ ಗುಟ್ಟು ಬಿಚ್ಚಿಡುವರು.

"ನಾಲಿಗಿ ಹಸಿ ಇರೂಮಟ ಸುಡೂದಿಲ್ರಿ. ಚಾಕೂಕ ದಾಸವಾಳದ ರಸಾ ಹಚ್ಚೀನಿ, ಹುಳಿ ತಾಗಿ ಕೆಂಪಾತು, ಅಷ್ಟ! ನಿಸರ್ಗಕ್ಕ ಒಂದ ಕಾಯ್ದೆ. ಸ್ವಾಮಿಗೂ ಅದ, ಫಕೀರಗೂ ಅದ, ನನಗೂ ಅದ!"

ಜನ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ನಮ್ಮ ಜನ ಅಂದರೆ ಸಾಮಾನ್ಯರೇ! ಕರ್ಪೂರ ಉರಿಯುವುದನ್ನು ಕಣ್ಣು ಬಿಟ್ಟುಕೊಂಡು ನೋಡಿ, ವಿವರಣೆ ಶುರುವಾಗುತ್ತಲೇ ಚಹಾದಂಗಡಿಗೆ ಎದ್ದು ನಡೆಯುತ್ತಿದ್ದರು. ಕೂತು ಕೇಳಿದವರೂ, "ದೊಡ್ಡವ್ರು ತಮ್ಮ ಶಕ್ತಿ ತಾವ ಹೇಳ್ಕೊಳ್ಳೂದಿಲ್ಲ ನೋಡ" ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಊದುತ್ತಿದ್ದರು. ಪವಾಡ ಬಯಲು ಮಾಡಲು ಹೋದವರನ್ನೇ ಪವಾಡಪುರುಷ ಮಾಡಿ ಕೂರಿಸಿದರು. ಮಾಸ್ತರರಿಗೆ ಮೊದಮೊದಲು ಇದು ನಗೆಯ ಮಾತಾಗಿತ್ತು.

ಹೋದ ಮಳೆಗಾಲದಲ್ಲಿ ಆ ನಗು ನಿಂತುಹೋಯಿತು. ಕಲ್ಲೋಳಿಯ ಸಾತವ್ವ ಎಂಬ ಮುದುಕಿ, ಸೊಸೆ ಶೈಲಾಳನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ನೇರ ಇವರ ಬಾಗಿಲಿಗೇ ಬಂದಳು. ಕಬ್ಬಿನ ಹೊಲದಲ್ಲಿ ಹಾವು ಕಡಿದಿತ್ತು. ಆ ಹುಡುಗಿಯ ರೆಪ್ಪೆಗಳು ಆಗಲೇ ಜೋತುಬಿದ್ದಿದ್ದವು.

"ಮುಟ್ರಿ ಮಾಸ್ತರ್ರ, ನಮ್ಮ ಮನಿ ದೀಪಾ ಉಳಸ್ರಿ!"

"ಇಲ್ಲ್ಯಾಕ ಬಂದಿ ಯವ್ವಾ? ಗೋಕಾಕ ದವಾಖಾನಿಗೆ ಒಯ್ಯಿ! ಅಲ್ಲಿ ವಿಷಕ್ಕ ಸೂಜಿ ಐತಿ. ನನ್ನ ಕೈಯಾಗ ಏನೂ ಇಲ್ಲ!"

"ನೀವು ಮುಟ್ಟೂಮಟ ನಾ ಕದಲೂದಿಲ್ಲ" ಎಂದು ಮುದುಕಿ ಗಾಡಿಯ ಮುಂದೆಯೇ ಕುಕ್ಕರಿಸಿದಳು. ಮಾಸ್ತರರು ರಕ್ತ, ನರ, ವಿಷ ಅಂತ ಬಾಯಿ ಒಣಗುವಂತೆ ಹೇಳಿದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅತ್ತ ಶೈಲಾಳ ಉಸಿರು ಎಳೆಯತೊಡಗಿತ್ತು.

ಹೆಂಡತಿ ದಾಕ್ಷಾಯಿಣಿ ಒಳಗಿನಿಂದ ವಿಭೂತಿಯ ಗಟ್ಟಿ ತಂದು ಅವರ ಕೈಗೆ ತುರುಕಿದಳು. "ಭಾಷಣಾ ಸಾಕ್ ಮಾಡ್ರಿ. ಈಗ ಸುಳ್ಳ ಹೇಳ್ರಿ. ಜೀವಾ ಉಳದ ಮ್ಯಾಲ ಖರೆ ಹೇಳೀರಂತ."

ಮಾಸ್ತರರು ಕಣ್ಣು ಮುಚ್ಚಿ ಏನೋ ಗೊಣಗಿ, ಗಟ್ಟಿಯನ್ನು ಪುಡಿ ಮಾಡಿ ಶೈಲಾಳ ಹಣೆಗೆ ಹಚ್ಚಿದರು, ಉಳಿದ ಪುಡಿಯನ್ನು ಸಾತವ್ವನ ಅಂಗೈಗೆ ಸುರಿದರು. "ಗೋಕಾಕದಾಗ ಸೂಜಿ ಬಿದ್ದರಷ್ಟ ಇದು ನಡೀತೈತಿ, ತಿಳೀತಿಲ್ಲೋ? ಓಡ್ರಿ!" ಟಂಟಂ ಓಡಿತು. ಶೈಲಾ ಬದುಕಿದಳು.

ಖರೆ ಹೇಳಲು ಮಾಸ್ತರರು ಸಾತವ್ವನ ಮನೆಗೇ ಹೋದರು. ಬದುಕಿಸಿದ್ದು ಡಾಕ್ಟರರ ಔಷಧ, ನಾನು ಕೊಟ್ಟದ್ದು ಬರೀ ಬೂದಿ, ನಿನ್ನನ್ನು ಎಬ್ಬಿಸಲು ಸುಳ್ಳು ಹೇಳಿದೆ ಅಂದರು. ಮುದುಕಿ ಎರಡೂ ಕೈಯಿಂದ ಅವರ ಕೆನ್ನೆ ಸವರಿ ಲಟಿಕೆ ಮುರಿದಳು. "ಸೂಜಿ ಅಂದದ್ದು ಡಾಕ್ಟರ ಮಾನಾ ಉಳಸಾಕ ಅಂತ ನನಗ ತಿಳೀತೈತ್ರಿ" ಅಂದಳು. ಮಾಸ್ತರರು ಓಣಿಯಲ್ಲಿ ನಿಂತು ಹೇಳಿದರು, ಶಾಲೆಯಲ್ಲಿ ಹೇಳಿದರು. ಹೇಳಿದಷ್ಟೂ ಬಾಗಿಲಿಗೆ ಬರುವವರು ಹೆಚ್ಚಾದರು. ಯಾವ ಕಾಯ್ದೆಯ ಪ್ರಕಾರ ಹೀಗಾಗುತ್ತದೋ ಅವರಿಗೆ ತಿಳಿಯಲಿಲ್ಲ. ಪಾಪ, ಚೀಲವನ್ನು ಮೂಲೆಗೆ ಎಸೆದು ಕೂತುಬಿಟ್ಟರು.

ದೀಪಾವಳಿ ಕಳೆದ ಮೇಲೆ ಅಂಕಲಗಿಯಿಂದ ಸಾತವ್ವನ ತಮ್ಮ ಮಾಲಿಂಗಪ್ಪ ಬಂದ. ಕೈಯಲ್ಲಿ ತೆಂಗಿನಕಾಯಿ, ಮುಖದಲ್ಲಿ ವಾರಗಟ್ಟಲೆಯ ಗಡ್ಡ. ಬಾಗಿಲಲ್ಲೇ ಅಡ್ಡಬಿದ್ದ.

"ತಪ್ಪಾಗೇತ್ರಿ ಮಾಸ್ತರ್ರ. ನಮ್ಮ ದೊಡ್ಡ ಮಗಗ ಹಾವು ಕಡೀತು. ಅಕ್ಕ ಕೊಟ್ಟ ನಿಮ್ಮ ಇಬತ್ತಿ ಮನ್ಯಾಗ ಇತ್ತು, ಹಚ್ಚಿದ್ವಿ. ಮುಂಜಾನಿತನಕ ಹಚ್ಚಿದ್ವಿ. ಹೋದ್ನರಿ."

"ದವಾಖಾನಿಗೆ?" ಎಂದರು ಮಾಸ್ತರರು.

"ಇಬತ್ತಿ ಇತ್ತಲ್ರಿ."

ಮಾಸ್ತರರು ಅವನ ಪಕ್ಕದಲ್ಲೇ ನೆಲಕ್ಕೆ ಕೂತರು. ಇವನು ತನ್ನನ್ನು ಬೈಯಬೇಕಿತ್ತು, ಕೊರಳಪಟ್ಟಿ ಹಿಡಿದು ಎಳೆದಾಡಬೇಕಿತ್ತು. ಹಾಗಾದರೂ ಸಮಾಧಾನ ಆಗುತ್ತಿತ್ತು ಅಂತ ಅವರಿಗೆ ಅನ್ನಿಸಿತು. "ಅದರಾಗ ಏನೂ ಇದ್ದಿದ್ದಿಲ್ಲೋ ಮಾಲಿಂಗಪ್ಪಾ! ನಾನ ಕೊಂದೆ ನಿನ್ನ ಮಗನ್ನ, ನಾನ!" ಎಂದು ಅತ್ತುಬಿಟ್ಟರು.

"ಹಂಗ ಅನಬ್ಯಾಡ್ರಿ ಯಪ್ಪಾ" ಎಂದು ಮಾಲಿಂಗಪ್ಪನೇ ಅವರ ಕಾಲು ಹಿಡಿದುಕೊಂಡ. "ತಪ್ಪ ನಮ್ಮದ. ಮೈಲಿಗಿ ಕೈಲೆ ಮುಟ್ಟಿದ್ವಿ, ಅದಕ್ಕ ನಡೀಲಿಲ್ಲ. ಸಣ್ಣ ಮಗ ಇನ್ನೊಬ್ಬ ಅದಾನ್ರಿ, ಅವನೂ ಕಬ್ಬಿನಾಗ ದುಡೀತಾನ. ಈ ಸಲ ಮಡೀಲೆ ಇಡ್ತೀವಿ. ಒಂದ ಚಿಟಿಕಿ ಕೊಡ್ರಿ."

ಕಣ್ಣೀರು ಒರೆಸಿಕೊಂಡು ಅವನು ಅಂಗೈ ಚಾಚಿದ.