ನಸುಕಿನ ರೊಟ್ಟಿ ಸಪ್ಪಳ

ನಮ್ಮ ಕಡೆ ಒಂದು ಮನೆಯಲ್ಲಿ ಹೆಂಗಸು ಇದ್ದಾಳೋ ಇಲ್ಲವೋ ಎಂದು ತಿಳಿಯಲು ಒಳಗೆ ಹೋಗಿ ನೋಡಬೇಕಿಲ್ಲ. ನಸುಕಿನಲ್ಲಿ ಓಣಿಯಲ್ಲೊಮ್ಮೆ ನಡೆದು ಹೋದರೆ ಸಾಕು. ರೊಟ್ಟಿ ಬಡಿಯುವ ಸಪ್ಪಳ ಬಂದರೆ ಇದ್ದಾಳೆ, ಬರದಿದ್ದರೆ ತವರಿಗೆ ಹೋಗಿದ್ದಾಳೆ, ಇಲ್ಲವೇ ಜಡ್ಡಾಗಿ ಮಲಗಿದ್ದಾಳೆ. ಆಳಂದದ ನಮ್ಮ ಓಣಿಯ ಮಂದಿ ಈ ಲೆಕ್ಕದಲ್ಲಿ ಎಂದೂ ತಪ್ಪಿದವರಲ್ಲ. ನನ್ನ ಮನೆಯ ವಿಷಯದಲ್ಲಿ ತಪ್ಪಿದರು. ಅದನ್ನು ಅನುಭವಿಸಿದವರು ಮಾತ್ರ ನಾನು ಮತ್ತು ನನ್ನ ಮಗಳು.

ಹೆಂಡತಿ ಕಾಮಾಲೆಯಾಗಿ ತೀರಿಕೊಂಡಾಗ ಮಗಳು ನಾಲ್ಕನೇ ತರಗತಿಯಲ್ಲಿದ್ದಳು. ನಾನು ನರೋಣಾ ಕಡೆಯ ಒಂದು ಹಳ್ಳಿಯಲ್ಲಿ ಶಾಲೆ ಮಾಸ್ತರ, ದಿನಾ ಆಳಂದದಿಂದ ಬಸ್ಸಿನಲ್ಲಿ ಹೋಗಿ ಬರುವವನು. ಹೆಂಡತಿಯ ತವರು ಜೇವರ್ಗಿ. ನನ್ನದು ಅಫಜಲಪುರದ ಪಕ್ಕದ ಹಳ್ಳಿ. ಅಪ್ಪ ಅವ್ವ ಇಬ್ಬರೂ ಇಲ್ಲ, ಇರುವವಳು ಅಕ್ಕ ಒಬ್ಬಳೇ. ಮಣ್ಣು ಮಾಡಿ ಬಂದ ಸಂಜೆಯೇ ಪಡಸಾಲೆಯಲ್ಲಿ ಕೂತ ಹಿರಿಯರು ನನ್ನ ಮಗಳನ್ನು ಯಾರ ಮನೆಗೆ ಕಳಿಸಬೇಕು ಎಂಬ ಮಾತು ತೆಗೆದರು. ಜೇವರ್ಗಿಯ ಅತ್ತೆ ತಾನೇ ಒಯ್ಯುತ್ತೇನೆ ಎಂದರು. ವರ್ಷ ಕಳೆಯಲಿ, ಇವನಿಗೆ ಇನ್ನೊಂದು ಮದುವೆ ಮಾಡಿದರಾಯಿತು ಎಂದರು ಮತ್ತೊಬ್ಬರು. ಎಲ್ಲರೂ ಮಾತಾಡಿದರು, ನನ್ನನ್ನು ಕೇಳಿದವರಿಲ್ಲ. ಕೊನೆಗೆ ನಾನೇ ನಡುವೆ ಬಾಯಿ ಹಾಕಿ, ಮಗಳು ನನ್ನ ಹತ್ತಿರವೇ ಇರುತ್ತಾಳೆ ಎಂದೆ. ಸತ್ತ ಮನೆ ಎಂದು ಯಾರೂ ನಗಲಿಲ್ಲ, ಅಷ್ಟೇ. ಅತ್ತೆ ಕಣ್ಣೊರೆಸಿಕೊಂಡು, ಹೆಣ್ಣುಕೂಸನ್ನು ಗಂಡಸು ಎಷ್ಟು ದಿನ ಸಂಭಾಳಿಸುತ್ತಾನೆ ನೋಡೋಣ ಎಂದರು. ಆ ‘ನೋಡೋಣ’ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಅಕ್ಕ ಕೆಲವು ವಾರ ನಮ್ಮೊಂದಿಗಿದ್ದಳು. ಆದರೆ ಅವಳಿಗೂ ಮನೆ, ಎಮ್ಮೆ, ಸೊಸೆಯ ಬಾಣಂತನ ಎಲ್ಲ ಇದ್ದವು. ಅವಳು ಹೊರಟ ಮೇಲೆ ನಾನು ಅಂಗಡಿಯಿಂದ ಖಡಕ್ ರೊಟ್ಟಿ ತಂದೆ, ಅನ್ನ ಬೇಯಿಸಿದೆ, ಖಾನಾವಳಿಯ ಪಲ್ಯ ಕಟ್ಟಿಸಿಕೊಂಡು ಬಂದೆ. ಮಗಳು ಯಾವುದನ್ನೂ ತಿನ್ನಲಿಲ್ಲ. ಹಟವಲ್ಲ ಅದು. ತುತ್ತು ಬಾಯಿಗೆ ಇಟ್ಟುಕೊಂಡು, ನುಂಗಲಾಗದೆ, ನನ್ನ ಮುಖ ನೋಡುತ್ತಿದ್ದಳು. ಅವಳ ಅವ್ವ ಬಿಸಿ ರೊಟ್ಟಿಯನ್ನು ಹಂಚಿನಿಂದ ತೆಗೆದು ಹಾಲಿನಲ್ಲಿ ಮುರಿದು ಕೊಡುತ್ತಿದ್ದಳು. ಕೂಸಿನ ಕಾಲು ಕಡ್ಡಿಯಾಗತೊಡಗಿದ ಮೇಲೆ ನಾನು ಅಫಜಲಪುರಕ್ಕೆ ಫೋನು ಮಾಡಿ, ರೊಟ್ಟಿ ಹೇಗೆ ಬಡಿಯುವುದು ಹೇಳಿಕೊಡು ಎಂದು ಅಕ್ಕನನ್ನು ಕೇಳಿದೆ. ಅವಳು ಅತ್ತಳೆಂದು ಕಾಣುತ್ತದೆ.

“ನೀರು ಕುದಿಬೇಕು ತಮ್ಮಾ, ಕೈ ಸುಡಬೇಕು. ಇಲ್ಲಂದ್ರ ಹಿಟ್ಟು ಜಿಗಿ ಹಿಡಿಯಂಗಿಲ್ಲ,” ಎಂದಳು.

ಕೈ ಸುಟ್ಟಿತು, ಅದರಲ್ಲಿ ಸುಳ್ಳಿಲ್ಲ. ಜೋಳದ ಹಿಟ್ಟಿಗೆ ಗೋಧಿಯಂಥ ಸ್ವಭಾವವಿಲ್ಲ, ಲಟ್ಟಣಿಗೆಗೆ ಬಗ್ಗುವುದಿಲ್ಲ. ಅಂಗೈಯಿಂದಲೇ ಬಡಿಯಬೇಕು, ಬಡಿಯುತ್ತಲೇ ತಿರುಗಿಸಬೇಕು, ಅಂಚು ಬಿರಿಯಬಾರದು. ನನ್ನ ಮೊದಲ ರೊಟ್ಟಿಗಳು ಅರ್ಧ ಹಿಟ್ಟು ನಾದುವ ಪರಾತದಲ್ಲಿ, ಅರ್ಧ ಕೈಯಲ್ಲಿ ಉಳಿದವು. ಫೋನನ್ನು ಡಬ್ಬಿಗೆ ಆನಿಸಿಟ್ಟು ಅಕ್ಕನ ಕೈ ನೋಡುತ್ತ ಬಡಿದೆ. ಒಂದು ದಿನ ಭೂಪಟದಂಥ ಒಂದು ರೊಟ್ಟಿ ಹಂಚಿನ ಮೇಲೆ ಹೇಗೋ ಉಬ್ಬಿತು. ಹಾಲಿನಲ್ಲಿ ಮುರಿದು ಕೊಟ್ಟೆ. ಮಗಳು ಪೂರ್ತಿ ತಿಂದು, ಇನ್ನೊಂದು ಇದೆಯೇ ಎಂದು ಕೇಳಿದಳು. ನಾನು ಹಿಂದೆ ತಿರುಗಿ ಕೂತು ಅತ್ತುಬಿಟ್ಟೆ. ಅಷ್ಟು ದಿನ ಅಳುವುದಕ್ಕೂ ಪುರಸೊತ್ತು ಸಿಕ್ಕಿರಲಿಲ್ಲ.

ಅಲ್ಲಿಂದ ನಮ್ಮ ಸಂಸಾರಕ್ಕೆ ಒಂದು ದಾರಿ ಸಿಕ್ಕಿತು. ನಳ ಬಂದಾಗ ಅವಳು ಕೊಡಪಾನ ಹಚ್ಚುತ್ತಿದ್ದಳು, ನಾನು ಎತ್ತಿ ಒಳಗೆ ತರುತ್ತಿದ್ದೆ. ಬಟ್ಟೆ ನಾನು ತಿಕ್ಕಿದರೆ ಅವಳು ಹಿಂಡುವವಳು; ನನ್ನ ಪ್ಯಾಂಟು ಹಿಂಡುವಾಗ ಮಾತ್ರ ಇಬ್ಬರೂ ಎರಡು ತುದಿ ಹಿಡಿದು ಜಗಳಾಡಬೇಕು. ಅವಳ ಎರಡು ಜಡೆಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಆಗುತ್ತಿತ್ತು. ಶಾಲೆಯಲ್ಲಿ ಯಾರಾದರೂ ಕೇಳಿದರೆ ಇದು ಹೊಸ ಫ್ಯಾಷನ್ನು ಅನ್ನುತ್ತೇನೆ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಸುಕಿನಲ್ಲಿ ನಾನು ರೊಟ್ಟಿಗೆ ಕೂತರೆ ಅವಳೂ ಎದ್ದು ಬಂದು ಪಕ್ಕದಲ್ಲಿ ಕೂತು, ಅಂಗೈಯಷ್ಟು ಹಿಟ್ಟು ತೆಗೆದುಕೊಂಡು ತಾನೂ ಬಡಿಯುವಳು. ಜಿಡಗಾ ಊರಿನ ಮಠಕ್ಕೆ ಹೋದಾಗ ಕೊಡಿಸಿದ್ದ ಗಾಜಿನ ಬಳೆಗಳು ಅವಳ ಕೈಯಲ್ಲಿದ್ದವು. ಬೇಡ, ಮಲಗು ಎಂದರೆ ಕೇಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಅವ್ವನ ಬಗ್ಗೆ ಮಾತಾಡುತ್ತಿದ್ದಳು, ಬೇರೆ ಹೊತ್ತಿನಲ್ಲಿ ಮಾತಾಡುತ್ತಿರಲಿಲ್ಲ. ಅದಕ್ಕಾಗಿ ಮಲಗೆಂದು ನಾನೂ ಒತ್ತಾಯ ಮಾಡಲಿಲ್ಲ.

ಬಸ್ಸು ಹಿಡಿಯುವ ಅವಸರ ನನ್ನದು, ಆದ್ದರಿಂದ ಇದೆಲ್ಲ ಓಣಿ ಏಳುವ ಮೊದಲೇ ಬಾಗಿಲು ಹಾಕಿಕೊಂಡೇ ನಡೆಯುತ್ತಿತ್ತು. ಮೊದಮೊದಲು ನನ್ನ ಬಡಿತ ಕೇಳಿದವರು ಮಾಸ್ತರ ಮೊಳೆ ಹೊಡೆಯುತ್ತಿದ್ದಾನೆ ಎಂದುಕೊಂಡಿರಬೇಕು. ತಿಂಗಳುಗಳು ಕಳೆದಂತೆ ಕೈ ಹದಕ್ಕೆ ಬಂತು. ಬಡಿತ ಒಂದೇ ಸಮನೆ, ಹಗುರಾಗಿ ಬೀಳತೊಡಗಿತು. ನಾನು ಒಳಗೊಳಗೇ ಬೀಗುತ್ತಿದ್ದೆ. ನನ್ನ ಕೈ ಸುಧಾರಿಸಿದಷ್ಟೂ ಓಣಿಯಲ್ಲಿ ನನ್ನ ಹೆಸರು ಕೆಡುತ್ತಿತ್ತು ಎಂದು ನನಗೆ ಹೇಗೆ ಗೊತ್ತಾಗಬೇಕು. ಎದುರು ಮನೆಯಾಕೆ ಒಂದು ನಸುಕಿನಲ್ಲಿ ಅಂಗಳಕ್ಕೆ ನೀರು ಹಾಕುವಾಗ ಕಿವಿಗೊಟ್ಟು ಕೇಳಿದಳಂತೆ. ಹೆಂಗಸಿನ ಕೈಯ ಬಡಿತ, ಜೊತೆಗೆ ಬಳೆಯ ಸದ್ದು. ಹೆಂಡತಿ ಸತ್ತು ವರ್ಷವಾಗಿಲ್ಲ, ಮಾಸ್ತರ ಮನೆಯೊಳಗೆ ಯಾರನ್ನೋ ತಂದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲು ಕಳಿಸಿಬಿಡುತ್ತಾನೆ ಎಂಬುದು ಆಕೆಯ ಲೆಕ್ಕ.

ನಳದ ಹತ್ತಿರ ನಾನು ಹೋದರೆ ಮಾತು ನಿಲ್ಲತೊಡಗಿತು. ಪಕ್ಕದ ಮನೆಯವರು ತಮ್ಮ ಮಗಳನ್ನು ನಮ್ಮ ಮನೆಗೆ ಆಡಲು ಕಳಿಸುವುದನ್ನು ಬಿಟ್ಟರು. ಹಬ್ಬಕ್ಕೆ ಹೋಳಿಗೆ ಕೊಡಲು ಬಂದವರು ಹೊಸ್ತಿಲಲ್ಲೇ ನಿಂತು, ನನ್ನ ಹೆಗಲ ಮೇಲಿಂದ ಅಡುಗೆಮನೆ ಕಡೆ ಇಣುಕಿ ಹೋದರು. ಹೆಂಡತಿ ಸತ್ತವನ ಮನೆಯೆಂದರೆ ಮಂದಿ ಹೀಗೇ ಇರುತ್ತಾರೇನೋ ಎಂದುಕೊಂಡೆ. ಎದುರು ಮನೆಯಾಕೆಯ ತಂಗಿಯನ್ನು ಜೇವರ್ಗಿಗೆ ಕೊಟ್ಟಿದ್ದರು. ಆ ಕಡೆಗೆ ಸುದ್ದಿ ಹೋಗಲು ಬಸ್ಸೂ ಬೇಕಾಗಲಿಲ್ಲ, ಒಂದು ಫೋನು ಸಾಕಾಯಿತು.

ಒಂದು ನಸುಕಿನಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈಯಿಂದಲೇ ಹೋಗಿ ಚಿಲಕ ತೆಗೆದೆ. ಹೊರಗೆ ಅತ್ತೆ, ಹೆಂಡತಿಯ ಅಣ್ಣ, ಅವರ ಹಿಂದೆ ಬಾಡಿಗೆ ಜೀಪು. ಸಪ್ಪಳ ನಡೆಯುತ್ತಿರುವಾಗಲೇ ಹಿಡಿಯಬೇಕೆಂದು ನಡುರಾತ್ರಿ ಎದ್ದು ಹೊರಟು ಬಂದಿದ್ದರು. ಅತ್ತೆ ನನ್ನ ಮುಖವನ್ನೂ ನೋಡದೆ ಒಳಗೆ ನುಗ್ಗಿದರು. ಬಾಗಿಲ ಸಂದಿ ನೋಡಿದರು, ಬಚ್ಚಲು ನೋಡಿದರು, ಹಿತ್ತಲ ಕದ ತೆಗೆದು ನೋಡಿದರು. ಅಡುಗೆಮನೆಯಲ್ಲಿ ಪರಾತದ ಮುಂದೆ ಮೊಮ್ಮಗಳು ಒಬ್ಬಳೇ ಕೂತಿದ್ದಳು, ಕೈಯಲ್ಲಿ ಹಿಟ್ಟು, ಮಣಿಕಟ್ಟಿನಲ್ಲಿ ಬಳೆ. ಅಜ್ಜಿ ಬಂದಳೆಂದು ಅವಳು ನಕ್ಕಳು.

“ಯಾರ್ ಬಡಿಯಾಕತ್ತಿದ್ರು?” ಎಂದರು ಅತ್ತೆ.

ವಿಷಯ ನನಗೆ ಆಗ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು. ಮಾತಾಡಿದರೆ ಬಾಯಿಂದ ಏನು ಬರುತ್ತಿತ್ತೋ ಗೊತ್ತಿಲ್ಲ. ಮಗಳ ಪಕ್ಕ ಹೋಗಿ ಕೂತೆ, ಹಿಟ್ಟು ತೆಗೆದುಕೊಂಡೆ, ಅವರೆಲ್ಲರ ಕಣ್ಣೆದುರು ಬಡಿದೆ. ತೆಗೆದು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿದೆ. ರೊಟ್ಟಿ ಚೆಂದಾಗಿ ಉಬ್ಬಿತು. ಇನ್ನೊಂದು ಬಡಿದೆ, ಮತ್ತೊಂದು ಬಡಿದೆ. ಓಣಿಯ ಅರ್ಧ ಮಂದಿ ಆಗಲೇ ಬಾಗಿಲಿಗೆ ಬಂದಿದ್ದರು. ನೋಡಲಿ ಎಂದೇ ಬಡಿದೆ. ಹೆಂಡತಿಯ ಅಣ್ಣ ತಲೆ ತಗ್ಗಿಸಿ ಹೊರಗೆ ನಡೆದ. ಗೆದ್ದೆ ಎಂದುಕೊಂಡೆ ನಾನು. ಇನ್ನು ಯಾರೂ ನನ್ನ ಮಗಳ ತಂಟೆಗೆ ಬರುವುದಿಲ್ಲ ಎಂದುಕೊಂಡೆ.

ಅತ್ತೆ ಗೋಡೆಗೆ ಒರಗಿ ಕುಸಿದು ಕೂತರು. ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತರು.

“ಅಳಿಯಂದ್ರ, ಇಲ್ಲಿ ಯಾರರ ಹೆಂಗಸು ಇದ್ದಿದ್ರ ನಿಮ್ಮನ್ನ ನಾಕ ಮಾತ ಬೈದು ಹೋಗಿಬಿಡ್ತಿದ್ದೆ. ಇದನ್ನ ನೋಡಿ ಹ್ಯಾಂಗ ಹೋಗ್ಲಿರಿ? ನನ್ ಮಗಳ ಜಾಗಾದಾಗ ನೀವ್ ಕುಂತೀರಿ, ಕೂಸ ಕೂಸಾಗಿ ಉಳದಿಲ್ಲ.”

ಸುಳ್ಳು ಸುದ್ದಿಯನ್ನು ಅಳಿಸಲು ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಮಾಡಿದ್ದೆ. ಈ ಖರೆ ಸುದ್ದಿಗೆ ಏನು ಮಾಡುವುದು? ಆ ದಿನ ಅವರು ಮಗಳನ್ನು ಕಳಿಸಿಕೊಡಿ ಎಂದು ಕೇಳಿದರು, ನಾನು ಕಳಿಸಲಿಲ್ಲ. ಜೀಪು ಅವಳಿಲ್ಲದೆಯೇ ಹೋಯಿತು.

ಕಾಯಕದಲ್ಲಿ ಮೇಲುಕೀಳಿಲ್ಲ, ಹೆಣ್ಣುಗಂಡೆಂಬ ಭೇದವಿಲ್ಲ ಎಂದು ವರ್ಷಕ್ಕೊಮ್ಮೆ ಮೈಕು ಹಿಡಿದು ಹೇಳುವ ಮಂದಿ ನಮ್ಮವರು. ನಾನೂ ಶಾಲೆಯಲ್ಲಿ ಹೇಳಿದ್ದೇನೆ, ಮಕ್ಕಳು ಚಪ್ಪಾಳೆಯನ್ನೂ ಹೊಡೆದಿದ್ದಾರೆ. ಆದರೆ ಗಂಡಸಿನ ಅಂಗೈಗೆ ಹಿಟ್ಟು ಮೆತ್ತಿದ್ದನ್ನು ಕಂಡರೆ ಅದೇ ಮಂದಿಗೆ ನಗೆ ತಡೆಯುವುದಿಲ್ಲ. ಮನೆಯಲ್ಲಿ ಹೆಂಗಸಿದ್ದಾಳೆ ಎಂದು ಆಡಿಕೊಂಡವರು ಈಗ ಮಾಸ್ತರನೇ ಹೆಂಗಸಾಗಿದ್ದಾನೆ ಎಂದು ಆಡಿಕೊಂಡರು. ಸ್ಟಾಫ್ ರೂಮಿನಲ್ಲಿ ಒಬ್ಬರು, ಎರಡು ರೊಟ್ಟಿ ನಮಗೂ ತರ್ರಿ ಎಂದು ನಕ್ಕರು. ತಂದುಕೊಟ್ಟೆ; ತಿಂದು ಬೆರಳು ನೆಕ್ಕಿದರು, ಆಮೇಲೆಯೂ ನಕ್ಕರು. ನನಗೆ ಅದೇನೂ ತಾಗಲಿಲ್ಲ. ನಾನು ಮೊದಲಿನಿಂದಲೂ ಸ್ವಲ್ಪ ಮೊಂಡ.

ಮಗಳಿಗೆ ತಾಗಿತು. ಅವಳ ಶಾಲೆಯಲ್ಲಿ ಹುಡುಗರು ಅವಳನ್ನು ಕಂಡಾಗಲೆಲ್ಲ ಅಂಗೈ ಮೇಲೆ ಅಂಗೈ ಬಡಿದು ಸದ್ದು ಮಾಡುತ್ತಿದ್ದರಂತೆ. ಇದು ನನಗೆ ಅವಳಿಂದಲ್ಲ, ಅವಳ ಟೀಚರಿಂದ ತಿಳಿಯಿತು. ಅವಳು ಮನೆಗೆ ಬಂದರೆ ಏನೂ ಹೇಳುತ್ತಿರಲಿಲ್ಲ. ಆದರೆ ನಸುಕಿನಲ್ಲಿ ಬಂದು ಪಕ್ಕದಲ್ಲಿ ಕೂಡುವುದನ್ನು ಬಿಟ್ಟಳು. ಬಳೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟಳು. ಅನ್ನ ಸಾಕು ಅಪ್ಪಾ, ನನಗೆ ರೊಟ್ಟಿ ಸೇರುವುದಿಲ್ಲ ಎನ್ನತೊಡಗಿದಳು. ಅವಳು ಸುಳ್ಳು ಹೇಳುವಾಗ ಕಿವಿಯ ತುದಿ ಕೆಂಪಾಗುತ್ತದೆ, ಅವಳ ಅವ್ವನ ಹಾಗೆ.

ಪರೀಕ್ಷೆ ಮುಗಿದ ಮೇಲೆ ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆವು. ತನ್ನ ಬಟ್ಟೆಗಳನ್ನು ಅವಳು ಬೇರೆಯಾಗಿ ಇಡುತ್ತಿದ್ದುದನ್ನು ಕಂಡು, ಯಾಕೆ ಎಂದೆ.

“ನಾ ಅಜ್ಜಿ ಮನಿಗಿ ಹೋಗ್ತೇನಿ ಅಪ್ಪಾ. ಅಲ್ಲೇ ಸಾಲಿಗಿ ಹೋಗ್ತೇನಿ. ನಾ ಇಲ್ಲಂದ್ರ ನೀ ರೊಟ್ಟಿ ಬಡಿಯೂದು ಇರಂಗಿಲ್ಲ, ಮಂದಿ ನಿನಗ ನಗಂಗಿಲ್ಲ.”

ಮಂದಿ ಹಾಳಾಗಿ ಹೋಗಲಿ ಎಂದೆ. ನನಗೆ ಯಾರ ಫಿಕೀರೂ ಇಲ್ಲ ಎಂದೆ. ಜೋರಾಗಿಯೇ ಅಂದಿರಬೇಕು, ಅವಳು ಬೆಚ್ಚಿದಳು. ಆಮೇಲೆ ನನ್ನ ಅಂಗಿಯೊಂದನ್ನು ಎತ್ತಿ, ತೋಳು ಒಳಗೆ ಮಾಡಿ, ನೀಟಾಗಿ ಮಡಚಿ ನನ್ನ ಕಡೆ ಇಟ್ಟಳು. ನಾಲ್ಕನೇ ತರಗತಿ ಮುಗಿಸಿದ ಕೂಸು ತನ್ನ ಅಪ್ಪನ ಮರ್ಯಾದೆ ಉಳಿಸಲು ಮನೆ ಬಿಡುತ್ತೇನೆ ಎನ್ನುತ್ತಿತ್ತು. ಬಯ್ಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಇಲ್ಲಿ ಇಟ್ಟುಕೊಂಡರೆ ದಿನಾ ಶಾಲೆಯಲ್ಲಿ ಆ ಅಂಗೈ ಸದ್ದಿನ ನಡುವೆ ನಡೆಯಬೇಕು. ಅವಳನ್ನು ಸಾಕಲು ನನಗೆ ಬರುತ್ತಿತ್ತು, ಊರಿನ ಬಾಯಿ ಮುಚ್ಚಿಸಲು ಬರುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ನಾನೇ ಜೇವರ್ಗಿಯ ಬಸ್ಸು ಹತ್ತಿಸಿಕೊಂಡು ಹೋಗಿ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಪಕ್ಕ ಕೂತು ಹೊಲ ತೋರಿಸುತ್ತ ಹರಟಿದಳು. ನಾನು ಹೂಂ ಎನ್ನುತ್ತ ಹೋದೆ.

ಓಣಿಯ ಮಂದಿ, ಒಳ್ಳೆಯದು ಮಾಡಿದಿರಿ ಸರ್, ಹೆಣ್ಣುಕೂಸು ಹೆಂಗಸರ ಕೈಯಲ್ಲೇ ಬೆಳೆಯಬೇಕು ಎಂದರು. ಎದುರು ಮನೆಯಾಕೆ ಅಂದಿನಿಂದ ನನಗೆ ದಿನಾ ಎರಡು ರೊಟ್ಟಿ ಕಳಿಸುತ್ತಾಳೆ. ಕೆಟ್ಟ ಹೆಂಗಸೇನಲ್ಲ. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ.

ದಸರೆ ರಜೆಗೆ ಮೊದಲೇ ತಡೆಯಲಾರದೆ ಒಂದು ಭಾನುವಾರ ಜೇವರ್ಗಿಗೆ ಹೋದೆ. ಅತ್ತೆ ಆದರದಿಂದಲೇ ಬರಮಾಡಿಕೊಂಡರು. ಮಗಳು ಮೈ ತುಂಬಿಕೊಂಡಿದ್ದಳು. ಎರಡೂ ಜಡೆ ಒಂದೇ ಎತ್ತರಕ್ಕಿದ್ದವು. ಮಾವ, ಹೆಂಡತಿಯ ಅಣ್ಣ, ನಾನು ಮೂವರೂ ಪಡಸಾಲೆಯಲ್ಲಿ ಊಟಕ್ಕೆ ಕೂತೆವು, ಅವಳೇ ಓಡಾಡಿ ಬಡಿಸಿದಳು. ನಮ್ಮ ಜೊತೆ ಕೂಡು ಎಂದೆ. ಆಮೇಲೆ ಉಣ್ಣುತ್ತೇನೆ ಎಂದಳು. ಊಟವಾದ ಮೇಲೆ ಅವರಿಬ್ಬರೂ ಎದ್ದು ಕೈ ತೊಳೆಯಲು ಹೋದರು. ನಾನು ರೂಢಿಯಂತೆ ನನ್ನ ತಾಟು ಎತ್ತಿಕೊಂಡು ಬಚ್ಚಲ ಕಡೆ ನಡೆದೆ. ಮಗಳು ಓಡಿ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅಡುಗೆಮನೆ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು.

“ಇಡು ಅಪ್ಪಾ. ಗಂಡಸರು ತಾಟ ಎತ್ತಬಾರದು.”

ಅವಳ ಮುಖದಲ್ಲಿ ದುಃಖವೇನೂ ಇರಲಿಲ್ಲ. ನನಗೆ ಗೊತ್ತಿಲ್ಲದ ಒಂದು ಒಳ್ಳೆಯ ನಡತೆಯನ್ನು ಕಲಿಸುವವಳಂತೆ ಹೇಳಿ, ಮೂರೂ ತಾಟುಗಳನ್ನು ಒಂದರ ಮೇಲೊಂದಿಟ್ಟುಕೊಂಡು ತೊಳೆಯಲು ಕೂತಳು.