ಎಣ್ಣೆಯಲ್ಲಿ ಅದ್ದಿದ ಹತ್ತಿ

ಗುಂಜಿಯಲ್ಲಿ ಮಾಸ್ತರನಾಗಿದ್ದಾಗ ಊರವರ ಪತ್ರಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ನನ್ನ ಬರವಣಿಗೆಯ ಬಗ್ಗೆ ನನಗೆ ಜಂಬ. ಮಾಯವ್ವನ ಪತ್ರವೆಂದರೆ ಮಾತ್ರ ಬೇಸರ. ಹೇಳುವುದು ಎರಡು ಮಾತು, ಅದಕ್ಕೆ ಅರ್ಧ ತಾಸು ಕೂರುತ್ತಿದ್ದಳು. ಮಕ್ಕಳಿಲ್ಲದ ಮನೆ, ಮಾತಾಡಲು ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ.

ಅವಳ ಗಂಡ ದುಂಡಪ್ಪ ಮಿಲಿಟರಿಯಲ್ಲಿ ಹೊಸಬರಿಗೆ ಗುಂಡು ಹಾರಿಸಲು ಕಲಿಸುವ ಹವಾಲ್ದಾರ. ೧೯೭೫ರಲ್ಲಿ ರಜೆಗೆ ಬಂದಾಗ ಕಿವಿಯಲ್ಲಿ ಸದಾ ಗುಂಯ್ ಅನ್ನುತ್ತದೆ ಎಂದು ಹೇಳಿ ಹೋಗಿದ್ದ. ಮಾಯವ್ವ ಹತ್ತಿ ಹಿಂಜಿ, ಕಿವಿಗಿಡುವಷ್ಟು ಸಣ್ಣ ಉಂಡೆ ಮಾಡಿ ತಂದಳು.

“ಹತ್ತಿ ಕಳಿಸೀನಿ, ಎಣ್ಣ್ಯಾಗ ಅದ್ದಿ ದಿನಾ ಹಚ್ಕೋರಿ ಅಂತ ಬರೀರಿ. ಕಿವಿ ಅಂತ ಮಾತ್ರ ಬರೀಬ್ಯಾಡ್ರಿ ಮಾಸ್ತರ್ರ. ಯಾರರ ಓದಿದ್ರ, ಕಿವಿ ಕೆಟ್ಟೈತಿ ಅಂತ ಮನಿಗಿ ಕಳಿಸ್ತಾರ. ನಮ್ಮನಿಯವರಿಗೆ ಹಂಗ ತಿಳೀತೈತಿ.”

‘ಹಚ್ಚಿಕೊಳ್ಳಿರಿ’ ಉದ್ದವಾಯಿತೆಂದು ನಾನು ‘ಹಚ್ಚಿರಿ’ ಎಂದು ಚೊಕ್ಕ ಮಾಡಿ ಬರೆದೆ.

ತಿಂಗಳಿಗೊಂದು ಪಾಕೀಟು ಹೋಗುತ್ತಿತ್ತು. ರಜೆಗೆ ಬಂದವನು “ದಿನಾ ಹಚ್ತೀನಿ” ಅನ್ನುತ್ತಿದ್ದ. ಅವಳಿಗೆ ಅಷ್ಟು ಸಾಕಾಗುತ್ತಿತ್ತು.

೧೯೮೧ರಲ್ಲಿ ನಿವೃತ್ತನಾಗಿ ಬಂದವನು ಹೆಂಡತಿ ಮಾತಾಡಿಸಿದರೆ ಅವಳ ತುಟಿಯನ್ನೇ ನೋಡುತ್ತ ನಿಂತ. ಇಬ್ಬರನ್ನೂ ಬೆಳಗಾವಿಗೆ ಕಿವಿಯ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಗುಂಡಿನ ಸದ್ದಿಗೆ ಹೋದ ಕಿವಿ ತಿರುಗಿ ಬರುವುದಿಲ್ಲ, ಮೊದಲಿನಿಂದ ಮುಚ್ಚಿಕೊಂಡಿದ್ದರೆ ಸ್ವಲ್ಪವಾದರೂ ಉಳಿಯುತ್ತಿತ್ತು ಎಂದರು ಡಾಕ್ಟರು.

“ಹತ್ತಿ ಕಳಿಸಿದ್ನಲ್ರಿ” ಅಂದಳು ಮಾಯವ್ವ.

ಹತ್ತಿ ಏನು ಮಾಡಿದಿರಿ ಎಂದು ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ದುಂಡಪ್ಪನ ಮುಖ ಅರಳಿತು. ಆಸ್ಪತ್ರೆಗೆಲ್ಲ ಕೇಳುವಂತೆ ಹೇಳಿದ.

“ಒಂದ ದಿನಾನೂ ತಪ್ಸಿಲ್ಲ ಮಾಸ್ತರ್ರ. ಎಣ್ಣ್ಯಾಗ ಅದ್ದಿ ಬಸವಣ್ಣನ ಫೋಟೋದ ಮುಂದ ದೀಪಾ ಹಚ್ಚೀನಿ. ನಾ ಸುಖದಿಂದ ಇರ್ಲಿ ಅಂತ ಆಕಿ ಕಳಿಸಿದ್ದಲ್ಲ.”

ನಾನು ಚೀಟಿ ತಿರುಗಿಸಿದೆ. ತಪ್ಪು ನನ್ನದು ಎಂದು ಬರೆಯಹೊರಟೆ. ಮಾಯವ್ವ ನನ್ನ ಕೈಯಲ್ಲಿದ್ದ ಪೆನ್ಸಿಲ್ ಹಿಡಿದು ತಡೆದಳು.

“ಬ್ಯಾಡ್ರಿ. ಅವರಿಗೆ ಅಷ್ಟು ಸಮಾಧಾನರ ಇರ್ಲಿ.”

ಆಮೇಲೆ ಅವಳು ನನ್ನಿಂದ ಏನನ್ನೂ ಬರೆಸಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಗಂಡನ ಹೆಸರು ಹೇಳುವ ಹೆಂಗಸಲ್ಲ ಮಾಯವ್ವ. ಮೊನ್ನೆ ಗುಂಜಿಗೆ ಹೋದಾಗ ಅವರ ಹಿತ್ತಲ ಬೇಲಿಯ ಹತ್ತಿರ ಕಂಡೆ. ದುಂಡಪ್ಪ ಕಟ್ಟಿಗೆ ಒಡೆಯುತ್ತಿದ್ದ. ಅವಳು ಅವನ ಬೆನ್ನ ಹಿಂದೆ ನಿಂತು “ದುಂಡಪ್ಪಾ” ಅಂದಳು. ಇನ್ನೊಮ್ಮೆ, ತುಸು ಜೋರಾಗಿ ಅಂದಳು.

ಅವನು ಕಟ್ಟಿಗೆ ಒಡೆಯುತ್ತಲೇ ಇದ್ದ.