ಬಿಗಿದ ಹಗ್ಗಕ್ಕೆ ಕೈ ಹಾಕಿದವರು

ಗೆಳೆಯರೇ, ಇವತ್ತು ನನ್ನ ಕಣ್ಣೆದುರೇ ಒಂದು ಪಿಕಪ್ ನೀರುಪಾಲಾಯಿತು.

ತದಡಿಯ ದಡದ ಕೆಸರಿನಲ್ಲಿ ಮೀನು ವ್ಯಾಪಾರಿ ಗಣಪಣ್ಣನ ಪಿಕಪ್ ಹೂತಿತ್ತು. ಕಡಲಿನ ಭರತದ ನೀರು ಏರುತ್ತಿತ್ತು. ನನ್ನ ಜೀಪಿನ ಮುಂದಿರುವ, ಮೋಟಾರಿನಿಂದ ಹಗ್ಗ ಸುತ್ತಿ ಎಳೆಯುವ ವಿಂಚ್‌ನಿಂದ ಉಕ್ಕಿನ ಹಗ್ಗ ಬಿಚ್ಚಿ ಪಿಕಪ್ಪಿಗೆ ಸಿಕ್ಕಿಸಿದೆ. ಹಗ್ಗ ತುಂಡಾದರೆ ಚಾಟಿಯಂತೆ ಬೀಸಬಾರದೆಂದು ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಎಲ್ಲರೂ ದೂರ ಹೋಗಿ ಎಂದು ಕೂಗಿ ಗುಂಡಿ ಒತ್ತಿದೆ.

ಹಗ್ಗ ಬಿಗಿಯಾದದ್ದೇ ತಡ, ನಿಂತಿದ್ದ ಮೀನುಗಾರರೆಲ್ಲ ಓಡಿಬಂದು ಅದನ್ನು ಹಿಡಿದು ಎಳೆಯತೊಡಗಿದರು. ಬುದ್ಧಿ ಬಂದಾಗಿನಿಂದ ಬಲೆ ಎಳೆದ ಕೈಗಳು! ಗಾಬರಿಯಾಗಿ ವಿಂಚ್ ನಿಲ್ಲಿಸಿದೆ.

"ಬಿಡಿ ಮಾರಾಯ್ರೇ, ತುಂಡಾದ್ರೆ ಕೈಯೇ ಹೋಗ್ತದೆ!"

"ಹಗ್ಗ ಎಳೂವಾಗ ಕೈ ಹಾಕ್ದೆ ನೋಡ್ತಾ ನಿಲ್ಲೂದಾ? ಎಂತ ಮಾತು ಇದು!" ಎಂದರು ಹಿರಿಯರಾದ ಮಂಜಣ್ಣ.

"ಎಳೆಯೂದು ಮಷೀನು, ಮಂಜಣ್ಣ."

"ಆತು ತಮಾ, ಅದಕ್ಕೂ ಒಂಚೂರು ಆಸರೆ ಬೇಡ್ವಾ?"

ಬಿಟ್ಟರು. ಗುಂಡಿ ಒತ್ತಿದೆ. ಮತ್ತೆ ಹಿಡಿದರು, ಮತ್ತೆ ನಿಲ್ಲಿಸಿದೆ. ಹೀಗೆ ಜಗಳವಾಡುತ್ತಿರುವಾಗಲೇ ನೀರು ಎಂಜಿನ್ನಿಗೆ ನುಗ್ಗಿತು. ಗಣಪಣ್ಣ ತಲೆಯ ಮೇಲೆ ಕೈಹೊತ್ತು ದಡದಲ್ಲಿ ಕುಳಿತ.

"ಮಷೀನ್ ಇಟ್ಕಂಡೂ ಎಳೀಲಿಲ್ಲ ನೀನು" ಎಂದ. ಅವನ ಮನೆ ನಡೆಯುವುದು ಆ ಪಿಕಪ್ಪಿನಿಂದಲೇ.

ಊರಲ್ಲಿ ಈಗ ತಪ್ಪೆಲ್ಲ ನನ್ನದೇ. ಅಲ್ಲಿದ್ದ ಒಬ್ಬರ ಒಂದು ಬೆರಳೂ ತುಂಡಾಗಲಿಲ್ಲ. ಆ ಬೆರಳುಗಳೆಲ್ಲ ಈಗ ನನ್ನ ಕಡೆಗೇ ತಿರುಗಿವೆ.